ಅಪರೂಪದ ಸ್ಲಾವ್ ಹೆಸರೊಂದರ ಅರ್ಥ ಮತ್ತು ಮೂಲವನ್ನು ಹುಡುಕುವ ಬಗೆ: ‘ಸ್ವ್ಯಾತೊಸ್ಲಾವ್’ ಉದಾಹರಣೆಯಾಗಿ

ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನ ಒಡೆಯರಾಗಿ, ನಟಿ ದೇವಿಕಾ ರಾಣಿಯವರ ಪತಿಯಾಗಿ, ಚಿತ್ರಕಲಾವಿದರಾಗಿ ಕನ್ನಡಿಗರಿಗೆ ಪರಿಚಿತರಾದ ರೋರಿಕ್ ಅವರ ಮೊದಲ ಹೆಸರು ನಮ್ಮ ಪತ್ರಿಕೆಗಳಲ್ಲಿ ‘ಸ್ವೆತೊಸ್ಲಾವ್’ ಎಂದು ಅಚ್ಚಾಗುತ್ತ ಬಂದಿದೆ. ಆ ಹೆಸರಿನ ಅರ್ಥವೇನೆಂದು ಹುಡುಕಲು ಹೊರಟವರಿಗೆ ಎರಡು ಉತ್ತರಗಳು ಎದುರಾಗುತ್ತವೆ: ‘ಬೆಳಕಿನಂಥ ಕೀರ್ತಿಯುಳ್ಳವನು’ ಎಂಬುದೊಂದು, ‘ಪವಿತ್ರ ಕೀರ್ತಿಯುಳ್ಳವನು’ ಎಂಬುದು ಇನ್ನೊಂದು. ಎರಡೂ ಕೇಳಲು ಹಿತವಾಗಿರುವುದರಿಂದ ಮನಸ್ಸಿಗೆ ಒಪ್ಪಿದ್ದನ್ನು ಆರಿಸಿಕೊಳ್ಳುವವರೇ ಹೆಚ್ಚು. ಮಗುವಿಗೆ ಹೆಸರಿಡಲು ಪಟ್ಟಿ ನೋಡುವವರಿಗೆ ಅಷ್ಟು ಸಾಕಾಗಬಹುದು. ಅನುವಾದಕರಿಗೆ, ವಿಶ್ವಕೋಶಕ್ಕೆ ನಮೂದು ಬರೆಯುವವರಿಗೆ, ಕಲಾವಿದನೊಬ್ಬನ ಪರಿಚಯ ಬರೆಯುವ ವಿದ್ಯಾರ್ಥಿಗೆ ಅದು ಸಾಲದು. ಹೆಸರಿನ ಅರ್ಥ ಇಂದಿನ ಕಿವಿಗೆ ಹೇಗೆ ಕೇಳಿಸುತ್ತದೆ ಎಂಬುದರಿಂದ ತೀರ್ಮಾನವಾಗುವುದಿಲ್ಲ, ಅದು ಸಿಗುವ ಅತಿ ಹಳೆಯ ಬರಹದಿಂದ ತೀರ್ಮಾನವಾಗುತ್ತದೆ ಎಂಬ ಒಂದೇ ನಿಯಮದ ಮೇಲೆ ಈ ಮಾರ್ಗದರ್ಶಿ ನಿಂತಿದೆ. ಇಲ್ಲಿನ ಹೆಜ್ಜೆಗಳನ್ನು ಬೇರೆ ಯಾವ ಸ್ಲಾವ್ ಹೆಸರಿಗೂ ಅನ್ವಯಿಸಿಕೊಳ್ಳಬಹುದು.

ಮೊದಲ ಹೆಜ್ಜೆ: ಯಾವ ಭಾಷೆಯ ರೂಪವೆಂದು ಗೊತ್ತುಮಾಡಿಕೊಳ್ಳಿ

ಸ್ಲಾವ್ ಭಾಷೆಗಳು ಮೂರು ಕವಲುಗಳಲ್ಲಿ ಹಂಚಿಹೋಗಿವೆ. ರಷ್ಯನ್, ಉಕ್ರೇನಿಯನ್ ಮತ್ತು ಬೆಲರೂಸಿಯನ್ ಪೂರ್ವದ ಕವಲಿನವು. ಪೋಲಿಷ್, ಚೆಕ್, ಸ್ಲೊವಾಕ್ ಪಶ್ಚಿಮದವು. ಬಲ್ಗೇರಿಯನ್, ಸರ್ಬಿಯನ್, ಕ್ರೊಯೇಷಿಯನ್, ಸ್ಲೊವೇನಿಯನ್ ಮೊದಲಾದವು ದಕ್ಷಿಣದವು. ಒಂದೇ ಹಳೆಯ ಹೆಸರು ಈ ಕವಲುಗಳಲ್ಲಿ ಬೇರೆ ಬೇರೆ ಧ್ವನಿಗಳನ್ನು ಪಡೆದಿರುವುದರಿಂದ, ಕೈಗೆ ಸಿಕ್ಕ ರೂಪ ಯಾವ ಭಾಷೆಯದು ಎಂದು ತಿಳಿಯದೆ ಮುಂದೆ ಹೋಗುವುದರಲ್ಲಿ ಅರ್ಥವಿಲ್ಲ. ನಾವು ನೋಡುತ್ತಿರುವ ಹೆಸರು ರಷ್ಯನ್ ಮತ್ತು ಉಕ್ರೇನಿಯನ್ ಬರಹದಲ್ಲಿ ‘ಸ್ವ್ಯಾತೊಸ್ಲಾವ್’, ಬೆಲರೂಸಿಯನ್ನಿನಲ್ಲಿ ‘ಸ್ವ್ಯಾತಸ್ಲಾವು’, ಚೆಕ್ಕಿನಲ್ಲಿ ‘ಸ್ವಾತೊಸ್ಲಾವ್’, ಬಲ್ಗೇರಿಯನ್ನಿನಲ್ಲಿ ‘ಸ್ವೆತೊಸ್ಲಾವ್’. ಪೋಲಿಷ್ ರೂಪವನ್ನು ಕನ್ನಡದಲ್ಲಿ ಹೆಚ್ಚುಕಡಿಮೆ ‘ಶ್ಫಿಯೆಂತೊಸ್ವಾಫ್’ ಎಂದು ಬರೆಯಬೇಕಾಗುತ್ತದೆ. ಅದರ ನಡುವೆ ಕೇಳಿಸುವ ‘ಎಂ’ ಎಂಬ ಅನುನಾಸಿಕವನ್ನು ಈಗಲೇ ಗುರುತಿಟ್ಟುಕೊಳ್ಳಿ, ಮುಂದೆ ಅದೇ ನಮ್ಮ ಮುಖ್ಯ ಸಾಕ್ಷಿಯಾಗಲಿದೆ.

1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ರೋರಿಕ್ ಅವರ ಹೆಸರು ರಷ್ಯನ್ ಬರಹದಲ್ಲಿ ‘ಸ್ವ್ಯಾತೊಸ್ಲಾವ್ ನಿಕೊಲಾಯೆವಿಚ್’ ಎಂದಿದೆ. ಇಂಗ್ಲಿಷಿನಲ್ಲಿ ಅವರು ಬಳಸಿದ್ದು ‘ಸ್ವೆತೊಸ್ಲಾವ್’ ಎಂಬ ರೂಪವನ್ನು, ಮತ್ತು ಕನ್ನಡಕ್ಕೆ ಬಂದದ್ದು ಆ ಇಂಗ್ಲಿಷ್ ರೂಪ. ಹೀಗಾಗಿ ಕನ್ನಡದ ಓದುಗ ಹುಡುಕಾಟಕ್ಕೆ ಹೊರಡುವ ಮೊದಲೇ ಬಲ್ಗೇರಿಯನ್ ರೂಪವನ್ನು ಹೋಲುವ ಕಾಗುಣಿತವೊಂದು ಅವನ ಕೈಯಲ್ಲಿರುತ್ತದೆ. ಯಾವ ಹೆಸರೇ ಆಗಲಿ, ಅದನ್ನು ಹೊತ್ತವರ ಸ್ವಂತ ಭಾಷೆಯ ಲಿಪಿಯಲ್ಲಿ ಒಮ್ಮೆ ನೋಡಿಕೊಳ್ಳಬೇಕೆಂದು ಹೇಳುವುದು ಇದಕ್ಕಾಗಿಯೇ. ಸಿರಿಲಿಕ್ ಲಿಪಿಯ ಅಕ್ಷರಗಳನ್ನು ಕಲಿಯುವುದು ದೊಡ್ಡ ಕೆಲಸವೇನಲ್ಲ, ಮತ್ತು ಇಲ್ಲಿ ಬೇಕಾಗಿರುವುದು ಹೆಸರನ್ನು ಕೂಡಿಸಿ ಓದುವಷ್ಟು ಪರಿಚಯ ಮಾತ್ರ.

ಇದೇ ಹಂತದಲ್ಲಿ ಸ್ವಂತ ಹೆಸರನ್ನು ತಂದೆಯ ಹೆಸರಿನಿಂದ ಬೇರ್ಪಡಿಸಬೇಕು. ‘ನಿಕೊಲಾಯೆವಿಚ್’ ಎಂದರೆ ನಿಕೊಲಾಯ್ ಎಂಬುವರ ಮಗ. ಪಿಯಾನೊ ವಾದಕ ಸ್ವ್ಯಾತೊಸ್ಲಾವ್ ತೆಯೊಫಿಲೊವಿಚ್ ರಿಕ್ಟರ್ ಅವರ ಹೆಸರಿನ ಮಧ್ಯಭಾಗವೂ ಹಾಗೆಯೇ. ‘ಸ್ವ್ಯಾತೊಸ್ಲಾವಿಚ್’ ಅಥವಾ ‘ಸ್ವ್ಯಾತೊಸ್ಲಾವೊವಿಚ್’ ಎಂದು ಕಂಡರೆ ಅದು ಆ ವ್ಯಕ್ತಿಯ ಹೆಸರಲ್ಲ, ಅವನ ತಂದೆಯದು. ಮಧ್ಯಯುಗದ ರಾಜರ ವಂಶಾವಳಿ ಓದುವಾಗ ಇಲ್ಲಿ ಎಡವುವವರು ಬಹಳ.

ಎರಡನೆಯ ಹೆಜ್ಜೆ: ಹೆಸರನ್ನು ಬಿಡಿಸಿ

ಹಳೆಯ ಸ್ಲಾವ್ ಅರಸುಮನೆತನಗಳ ಹೆಸರುಗಳಲ್ಲಿ ಹೆಚ್ಚಿನವು ಎರಡು ಪದಗಳು ಕೂಡಿ ಆದ ಸಮಾಸಗಳು. ಎರಡನೆಯ ಭಾಗದಲ್ಲಿ ಬರುವ ಪದಗಳು ಕೆಲವೇ: ಕೀರ್ತಿ ಎಂಬ ಅರ್ಥದ ‘ಸ್ಲಾವ್’, ದಂಡು ಎಂಬ ಅರ್ಥದ ‘ಪೊಲ್ಕ್’, ಆಳು ಎಂಬ ಅರ್ಥದ ‘ವೊಲೊದ್’ ಅಥವಾ ‘ವ್ಲಾದ್’, ಮತ್ತು ‘ಮಿರ್’. ಮೊದಲ ಭಾಗದಲ್ಲಿ ವೈವಿಧ್ಯ ಹೆಚ್ಚು. ಎರಡೂ ಭಾಗಗಳನ್ನು ಜೋಡಿಸುವ ಸ್ವರವನ್ನು ಗಮನಿಸಿದರೆ ಮೊದಲ ಭಾಗ ಯಾವ ಬಗೆಯ ಪದವೆಂದು ಊಹಿಸಲು ನೆರವಾಗುತ್ತದೆ. ‘ಒ’ ಬಂದರೆ ಮೊದಲ ಭಾಗ ಸಾಮಾನ್ಯವಾಗಿ ವಿಶೇಷಣ ಅಥವಾ ನಾಮಪದ: ಸ್ವ್ಯಾತ್‌-ಒ-ಸ್ಲಾವ್, ಯಾರ್‌-ಒ-ಪೊಲ್ಕ್. ‘ಇ’ ಬಂದರೆ ಹಲವೊಮ್ಮೆ ಅದು ಕ್ರಿಯಾಪದ: ಸೆಲ್ಲೊ ವಾದಕ ರಾಸ್ತ್ರೊಪೊವಿಚ್ ಅವರ ‘ಮ್ಸ್ತಿಸ್ಲಾವ್’ ಎಂಬ ಹೆಸರಿನ ಮೊದಲ ಭಾಗದಲ್ಲಿ ಸೇಡು ತೀರಿಸಿಕೊಳ್ಳುವ ಅರ್ಥವಿದೆ, ‘ರೊಸ್ತಿಸ್ಲಾವ್’ ಎಂಬುದರಲ್ಲಿ ಬೆಳೆಸುವ ಅರ್ಥವಿದೆ.

‘ಸ್ಲಾವ್’ ಎಂಬ ಎರಡನೆಯ ಭಾಗ ಕನ್ನಡ ಓದುಗರಿಗೆ ಅಂದುಕೊಂಡದ್ದಕ್ಕಿಂತ ಹತ್ತಿರದ್ದು. ‘ಸ್ಲಾವಾ’ ಎಂದರೆ ಕೀರ್ತಿ. ಮಾತು ಎಂಬ ಅರ್ಥದ ‘ಸ್ಲೊವೊ’, ಕೇಳು ಎಂಬ ಅರ್ಥದ ‘ಸ್ಲಿಶಾತ್’ ಇವು ಅದರ ಬಳಗದ ಪದಗಳು. ಸಂಸ್ಕೃತದ ‘ಶ್ರು’ ಧಾತು, ‘ಶ್ರವಸ್’ ಎಂಬ ಕೀರ್ತಿವಾಚಕ, ಗ್ರೀಕ್ ಭಾಷೆಯ ‘ಕ್ಲೆಯೊಸ್’ ಇವೂ ಅದೇ ಇಂಡೋ-ಯುರೋಪಿಯನ್ ಬೇರಿನವು. ಪೆರಿಕ್ಲಿಸ್, ಸೊಫೊಕ್ಲಿಸ್ ಎಂಬ ಗ್ರೀಕ್ ಹೆಸರುಗಳ ಕೊನೆಯಲ್ಲಿ ಇರುವುದು ಆ ‘ಕ್ಲೆಯೊಸ್’. ನಮ್ಮ ಮಹಾಭಾರತದ ಭೂರಿಶ್ರವನ ಹೆಸರೂ ಇದೇ ಅಚ್ಚಿನದು: ಭೂರಿಯಾದ ಶ್ರವಸ್ಸು ಯಾರಿಗಿದೆಯೋ ಅವನು. ಶಾಲೆಯ ವ್ಯಾಕರಣದಲ್ಲಿ ನಾವು ಬಹುವ್ರೀಹಿ ಎಂದು ಓದಿದ ಸಮಾಸದ ರೀತಿಯಲ್ಲೇ ‘ಸ್ವ್ಯಾತೊಸ್ಲಾವ್’ ಅನ್ನೂ ಬಿಡಿಸಬೇಕು. ‘ಪವಿತ್ರ ಕೀರ್ತಿ’ ಎಂದು ಭಾವವಾಚಕವಾಗಿ ಅನುವಾದಿಸುವುದಕ್ಕಿಂತ ‘ಅಂಥ ಕೀರ್ತಿಯುಳ್ಳವನು’ ಎಂದು ಬರೆಯುವುದು ಸರಿ. ಸಾವಿರಾರು ಮೈಲಿ ದೂರದ ಎರಡು ಪರಂಪರೆಗಳು ವೀರನಿಗೆ ಹೆಸರಿಡುವಾಗ ಒಂದೇ ಬೇರಿನ ಪದವನ್ನು ಒಂದೇ ಸ್ಥಾನದಲ್ಲಿ ಇಟ್ಟಿರುವುದು ಆಕಸ್ಮಿಕವಲ್ಲ. ಎರಡು ಪದಗಳ ಹೆಸರಿಡುವ ಪದ್ಧತಿಯೇ ಇಂಡೋ-ಯುರೋಪಿಯನ್ ಮೂಲದ ಆಸ್ತಿಯೆಂದು ಭಾಷಾಶಾಸ್ತ್ರಜ್ಞರು ಪರಿಗಣಿಸುತ್ತಾರೆ.

ಆದರೆ ಬಿಡಿಸಿದ ತುಂಡುಗಳನ್ನು ಮತ್ತೆ ವಾಕ್ಯವಾಗಿ ಹೆಣೆಯುವಾಗ ಕೈ ಬಿಗಿ ಹಿಡಿಯಬೇಕು. ಒಂದೇ ಮನೆತನದಲ್ಲಿ ಯಾರೊಸ್ಲಾವ್, ಯಾರೊಪೊಲ್ಕ್, ಸ್ವ್ಯಾತೊಸ್ಲಾವ್, ಸ್ವ್ಯಾತೊಪೊಲ್ಕ್ ಎಂಬ ನಾಲ್ಕೂ ಹೆಸರುಗಳು ಇರುವುದನ್ನು ನೋಡಿದರೆ, ಹೆಸರಿಡುವವರು ಮನೆತನದ ತುಂಡುಗಳನ್ನು ಅದಲುಬದಲು ಜೋಡಿಸುತ್ತಿದ್ದರೆಂಬುದು ಸ್ಪಷ್ಟವಾಗುತ್ತದೆ. ಪ್ರತಿ ಜೋಡಣೆಯ ಹಿಂದೆಯೂ ಆಳವಾದ ಸಂದೇಶ ಹುಡುಕುವವರು ಈ ರೂಢಿಯನ್ನು ಮರೆತಿರುತ್ತಾರೆ.

ಇಲ್ಲಿಯೇ ಎರಡು ಎಚ್ಚರಿಕೆಗಳು. ಹೆಸರಿನ ಕೊನೆಯ ‘ಸ್ಲಾವ್’ ಅನ್ನು ಸ್ಲಾವ್ ಜನಾಂಗದ ಹೆಸರೆಂದು ಓದಬಾರದು. ಜನಾಂಗದ ಹೆಸರು ‘ಸ್ಲೊವೊ’ ಎಂಬ ಮಾತಿನ ಪದದಿಂದ ಬಂದಿತೆಂಬುದು ಹೆಚ್ಚು ಒಪ್ಪಿತವಾದ ವಿವರಣೆ. ಎರಡನೆಯದಾಗಿ, ‘ಮಿರ್’ ಎಂದು ಮುಗಿಯುವ ಹೆಸರುಗಳಿಗೆಲ್ಲ ‘ಶಾಂತಿ’ ಅಥವಾ ‘ಲೋಕ’ ಎಂಬ ಅರ್ಥವನ್ನು ಕಣ್ಣುಮುಚ್ಚಿ ಹಚ್ಚಬಾರದು. ‘ವ್ಲಾದಿಮಿರ್’ ಎಂದರೆ ಲೋಕವನ್ನು ಆಳುವವನು ಎಂದು ಎಲ್ಲೆಡೆ ಬರೆದಿರುತ್ತದೆ. ಆದರೆ ಅದರ ಹಳೆಯ ರೂಪ ‘ವೊಲೊದಿಮೇರ್’. ಆ ‘ಮೇರ್’ ಹಿರಿಮೆಯನ್ನು, ಹೆಸರುವಾಸಿತನವನ್ನು ಸೂಚಿಸುವ ಪದ, ಹಳೆಯ ಜರ್ಮಾನಿಕ್ ಹೆಸರುಗಳಲ್ಲೂ ಕಾಣುವಂಥದು. ‘ಮಿರ್’ ಎಂಬ ಪರಿಚಿತ ಪದದ ಕಡೆಗೆ ಅದು ವಾಲಿದ್ದು ಅನಂತರ.

ಮೂರನೆಯ ಹೆಜ್ಜೆ: ಅತಿ ಹಳೆಯ ಬರಹವನ್ನು ಹುಡುಕಿ

ಇಡೀ ಕೆಲಸದ ತಿರುಳು ಈ ಹೆಜ್ಜೆಯಲ್ಲಿದೆ. ನಮ್ಮ ಹೆಸರಿನ ಮೊದಲ ಭಾಗಕ್ಕೆ ಇಬ್ಬರು ಹಕ್ಕುದಾರರಿದ್ದಾರೆ. ಪವಿತ್ರ ಎಂಬ ಅರ್ಥದ ಪದ ಇಂದಿನ ರಷ್ಯನ್ನಿನಲ್ಲಿ ‘ಸ್ವ್ಯಾತ್‌’ ಎಂಬ ಬೇರಿನದು, ಬೆಳಕು ಎಂಬ ಅರ್ಥದ ಪದ ‘ಸ್ವೆತ್’. ರಷ್ಯನ್ನಿನಲ್ಲಿ ಇವೆರಡೂ ಬೇರೆ ಬೇರೆ ಅಕ್ಷರಗಳಲ್ಲಿ ಬರೆಯಲ್ಪಡುವುದರಿಂದ ಹೆಸರು ಯಾವುದಕ್ಕೆ ಸೇರಿದ್ದೆಂದು ಕೂಡಲೇ ತಿಳಿಯುತ್ತದೆ. ಸರ್ಬಿಯನ್ನಿನಲ್ಲಿ ಹಾಗಿಲ್ಲ: ಅಲ್ಲಿ ಪವಿತ್ರ ಎಂಬುದಕ್ಕೂ ‘ಸ್ವೆತ್’, ಬೆಳಕಿನ ಬೇರಿನಿಂದಲೇ ಬಂದ ಲೋಕ ಎಂಬ ಅರ್ಥದ ಪದಕ್ಕೂ ‘ಸ್ವೆತ್’. ಬಲ್ಗೇರಿಯನ್ನಿನಲ್ಲಿಯೂ ಎರಡು ಬೇರುಗಳ ರೂಪಗಳು ಒಂದರೊಳಗೊಂದು ಸೇರಿಹೋಗಿವೆ. ಹೀಗಾಗಿ 1300ರಲ್ಲಿ ಪಟ್ಟಕ್ಕೆ ಬಂದ ಬಲ್ಗೇರಿಯದ ದೊರೆ ತೆಯೊದೊರ್ ಸ್ವೆತೊಸ್ಲಾವ್‌ನ ಹೆಸರನ್ನು ಇಂದಿನ ಕಾಗುಣಿತದಿಂದ ಮಾತ್ರ ವಿವರಿಸಲು ಬರುವುದಿಲ್ಲ. ಹಿಂದಕ್ಕೆ ಹೋಗಲೇಬೇಕು.

ಹಿಂದಕ್ಕೆ ಹೋದರೆ ಎರಡು ಬೇರುಗಳ ನಡುವಿನ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ. ಪವಿತ್ರ ಎಂಬ ಅರ್ಥದ ಪದದಲ್ಲಿ ಮೂಲ ಸ್ಲಾವ್ ಭಾಷೆಯ ಕಾಲದಲ್ಲಿ ಅನುನಾಸಿಕ ಸ್ವರವಿತ್ತು. ಅದರ ಉಚ್ಚಾರ ಸುಮಾರಾಗಿ ‘ಸ್ವೆಂತ್’ ಎಂಬಂತೆ. ಬೆಳಕಿನ ಪದದಲ್ಲಿ ಮೂಗಿನ ಧ್ವನಿ ಎಂದೂ ಇರಲಿಲ್ಲ. ಆದ್ದರಿಂದ ಹಳೆಯ ಬರಹದಲ್ಲಿ ‘ನ್’ ಕಂಡರೆ ಹೆಸರು ಪವಿತ್ರದ ಬಳಗಕ್ಕೆ ಸೇರಿದ್ದೆಂದು ತೀರ್ಪು ಕೊಡಬಹುದು.

ಅಂಥ ಬರಹ ನಮಗೆ ಸಿಕ್ಕಿರುವುದು ಪೂರ್ವ ರೋಮನ್ ಸಾಮ್ರಾಜ್ಯವಾದ ಬೈಜಾಂಟಿಯಮ್ಮಿನಿಂದ. ಚಕ್ರವರ್ತಿ ಏಳನೆಯ ಕಾನ್‌ಸ್ಟಂಟೈನ್ 10ನೇ ಶತಮಾನದ ಮಧ್ಯಭಾಗದಲ್ಲಿ ತನ್ನ ಮಗನ ತಿಳಿವಳಿಕೆಗಾಗಿ ಸಿದ್ಧಪಡಿಸಿದ ಆಡಳಿತ ಗ್ರಂಥದ 9ನೇ ಅಧ್ಯಾಯದಲ್ಲಿ, ಕೀವ್ ಸುತ್ತಿನ ನಾಡನ್ನು ಆಳುತ್ತಿದ್ದ ರುಸ್ ಜನ ದೋಣಿಗಳಲ್ಲಿ ದ್ನೀಪರ್ ನದಿ ಇಳಿದು ಬರುವ ದಾರಿಯನ್ನು ವಿವರಿಸುತ್ತ, ಅವರ ದೊರೆ ಈಗೊರ್‌ನ ಮಗನನ್ನು ಹೆಸರಿಸಿದ್ದಾನೆ. ಗ್ರೀಕ್ ಬರಹದಲ್ಲಿ ಆ ಹೆಸರು ‘ಸ್ಫೆಂಡೊಸ್ಥ್ಲಾವೊಸ್’. ಗ್ರೀಕರ ನಾಲಿಗೆಗೆ ‘ಸ್ವ’ ಮತ್ತು ‘ಸ್ಲ’ ಒಗ್ಗದ್ದರಿಂದ ಅವು ‘ಸ್ಫ’, ‘ಸ್ಥ್ಲ’ ಆಗಿವೆ, ಕೊನೆಗೆ ಗ್ರೀಕ್ ಪ್ರತ್ಯಯ ಅಂಟಿಕೊಂಡಿದೆ. ಆದರೆ ನಡುವಿನ ‘ಎಂ’ ಸ್ಪಷ್ಟವಾಗಿ ಉಳಿದಿದೆ. ಹೆಸರು ಹೊತ್ತವನು ಇನ್ನೂ ಬದುಕಿದ್ದಾಗಲೇ ಬರೆದ ಸಾಕ್ಷ್ಯವಿದು. ಇದರ ಮುಂದೆ ‘ಬೆಳಕಿನ ಕೀರ್ತಿ’ ನಿಲ್ಲುವುದಿಲ್ಲ.

ಒಂದೇ ಸಾಕ್ಷಿಯ ಮೇಲೆ ನಿಲ್ಲದೆ ಅದೇ ಬೇರಿನ ಇತರ ಹೆಸರುಗಳನ್ನೂ ನೋಡುವುದು ಒಳ್ಳೆಯ ಅಭ್ಯಾಸ. 894ರಲ್ಲಿ ತೀರಿಕೊಂಡ ಮೊರಾವಿಯದ ದೊರೆ ಸ್ವಾತೊಪ್ಲುಕ್‌ನ ಹೆಸರಿನ ಮೊದಲ ಭಾಗವೂ ಇದೇ. ಪೂರ್ವ ಫ್ರಾಂಕರ ದೊರೆ ಆರ್ನುಲ್ಫ್‌ನ ಮಗನಿಗೆ ಅವನು ಧರ್ಮಪಿತನಾಗಿ ನಿಂತು ತನ್ನ ಹೆಸರನ್ನೇ ಕೊಟ್ಟ. ಆ ಹುಡುಗ ಮುಂದೆ 895ರಿಂದ 900ರವರೆಗೆ ಲೊಥಾರಿಂಗಿಯವನ್ನು ಆಳಿದ. ಜರ್ಮನ್ ಬಾಯಲ್ಲಿ ಅವನು ‘ತ್ಸ್ವೆಂತಿಬೊಲ್ಡ್’. ಸ್ಲಾವ್ ಅಲ್ಲದ ಅರಸುಮನೆಯಲ್ಲಿ, ಸ್ಲಾವ್ ಅಲ್ಲದ ಲಿಪಿಕಾರರ ಕೈಯಲ್ಲಿ, ಮತ್ತೆ ಅದೇ ‘ಎಂ’. ಬಾಲ್ಟಿಕ್ ಸಮುದ್ರದ ರ್ಯೂಗನ್ ದ್ವೀಪದ ಅರ್ಕೋನಾದಲ್ಲಿ 1168ರಲ್ಲಿ ಡೇನರು ಕೆಡವಿದ ದೇವಾಲಯದ ದೇವರ ಹೆಸರು ಲ್ಯಾಟಿನ್ ಬರಹದಲ್ಲಿ ‘ಸ್ವಾಂತೊವಿತ್’ ಎಂದಿದೆ. ಪೋಲಿಷ್ ಭಾಷೆಯಂತೂ ಈ ಅನುನಾಸಿಕವನ್ನು ಇಂದಿಗೂ ಬಿಟ್ಟಿಲ್ಲ. ಪವಿತ್ರ ಎನ್ನಲು ಅಲ್ಲಿ ‘ಶ್ಫಿಯೆಂತಿ’ ಎನ್ನುತ್ತಾರೆ. ಗ್ರೀಕ್, ಜರ್ಮನ್, ಲ್ಯಾಟಿನ್, ಪೋಲಿಷ್ ನಾಲ್ಕೂ ಕಡೆಯಿಂದ ಒಂದೇ ಉತ್ತರ ಬಂದ ಮೇಲೆ ವಾದಕ್ಕೆ ಹೆಚ್ಚು ಜಾಗ ಉಳಿಯುವುದಿಲ್ಲ.

ಕಿವಿಗೆ ಹತ್ತಿರ ಕೇಳಿಸಿದ್ದನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಅರ್ಕೋನಾದ ದೇವರೇ ನಿದರ್ಶನ. 12ನೇ ಶತಮಾನದ ಪಾದ್ರಿ ಹೆಲ್ಮೊಲ್ಡ್, ಸ್ವಾಂತೊವಿತ್ ಎಂದರೆ ಕ್ರೈಸ್ತರ ಸಂತ ವಿಟಸ್‌ನೇ, ಆ ಸಂತನ ಆರಾಧನೆ ಕೆಟ್ಟು ಈ ವಿಗ್ರಹಪೂಜೆಯಾಯಿತು ಎಂದು ಬರೆದ. ‘ಸಂತ ವಿಟಸ್’ ಎಂಬುದರ ಸ್ಲಾವ್ ರೂಪ ದೇವರ ಹೆಸರಿಗೆ ಅಷ್ಟು ಹತ್ತಿರವಿತ್ತು. ಇಂದು ಹೆಸರುಗಳ ಅರ್ಥ ಕೊಡುವ ಪಟ್ಟಿಗಳು ಮಾಡುವುದೂ ಬಹುತೇಕ ಹೆಲ್ಮೊಲ್ಡ್ ಮಾಡಿದ ಕೆಲಸವನ್ನೇ.

ಕನ್ನಡ ಬಲ್ಲವರಿಗೆ ಇಲ್ಲಿ ಇನ್ನೂ ಒಂದು ಬಲೆ ಇದೆ. ‘ಸ್ವೆತ್’ ಎಂದಾಕ್ಷಣ ನಮಗೆ ‘ಶ್ವೇತ’ ನೆನಪಾಗುತ್ತದೆ. ನೆನಪಾಗುವುದು ತಪ್ಪಲ್ಲ: ಬೆಳಕು ಎಂಬ ಅರ್ಥದ ಸ್ಲಾವ್ ಪದವೂ ಸಂಸ್ಕೃತದ ಶ್ವೇತವೂ ನಿಜವಾಗಿಯೇ ಒಂದೇ ಮೂಲದವು, ಪಾರಸಿಯಿಂದ ಬಂದ ‘ಸಫೇದ್’ ಕೂಡ ಅದೇ ಬಳಗದ್ದು. ಆದರೆ ಆ ನಂಟು ಬೆಳಕಿನ ಪದಕ್ಕೆ ಸೇರಿದ್ದು, ನಮ್ಮ ಹೆಸರಿಗಲ್ಲ. ನಮ್ಮ ಹೆಸರಿನ ಪದಕ್ಕೆ ಸರಿಯಾದ ನೆಂಟ ಅವೆಸ್ತಾ ಭಾಷೆಯ ‘ಸ್ಪೆಂತ’, ಪಾರ್ಸಿಗಳ ಧರ್ಮಗ್ರಂಥಗಳಲ್ಲಿ ‘ಸ್ಪೆಂತ ಮೈನ್ಯು’ ಎಂದು ಬರುವ ಪವಿತ್ರವಾಚಕ. ಅಲ್ಲಿಯೂ ‘ಎಂ’ ಇದೆ. ಲಿಥುವೇನಿಯನ್ ಭಾಷೆಯ ‘ಶ್ವೆಂತಸ್’ ಮತ್ತೊಬ್ಬ ಹತ್ತಿರದ ನೆಂಟ.

ಈ ಹಂತದಲ್ಲಿ ನೆರವಿಗೆ ಬರುವ ಆಕರವೆಂದರೆ ವ್ಯುತ್ಪತ್ತಿ ನಿಘಂಟು. ರಷ್ಯನ್ ಪದಗಳಿಗೆ ಮಾಕ್ಸ್ ಫಾಸ್ಮರ್ ಜರ್ಮನ್ ಭಾಷೆಯಲ್ಲಿ ರಚಿಸಿದ, ಅನಂತರ ಒಲೆಗ್ ತ್ರುಬಚೊವ್ ರಷ್ಯನ್ನಿಗೆ ತಂದ ನಿಘಂಟನ್ನು ಮೊದಲು ತೆರೆಯಬಹುದು. ಅದರಲ್ಲಿ ಹೆಸರನ್ನೇ ಹುಡುಕಿ ಸಿಗದಿದ್ದರೆ ಬಿಡಿಸಿದ ಭಾಗಗಳನ್ನು ಒಂದೊಂದಾಗಿ ಹುಡುಕಿ.

ನಾಲ್ಕನೆಯ ಹೆಜ್ಜೆ: ಆ ಕಾಲದಲ್ಲಿ ಪದಕ್ಕೆ ಏನರ್ಥವಿತ್ತೆಂದು ಕೇಳಿ

ಬೇರು ಗೊತ್ತಾದ ಮಾತ್ರಕ್ಕೆ ಅರ್ಥ ಗೊತ್ತಾದಂತಲ್ಲ. ಇಂದಿನ ರಷ್ಯನ್ ಓದುಗನಿಗೆ ‘ಸ್ವ್ಯಾತೊಯ್’ ಎಂದರೆ ಕ್ರೈಸ್ತ ಸಂತ. ಆದರೆ ಈ ಹೆಸರು ಹೊತ್ತು ಇತಿಹಾಸಕ್ಕೆ ಬಂದ, ಈಗೊರ್‌ನ ಮಗನಾದ ಕೀವ್‌ನ ದೊರೆ ಕ್ರೈಸ್ತನಾಗಿರಲಿಲ್ಲ. ಅವನ ತಾಯಿ ಓಲ್ಗಾ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ದೀಕ್ಷೆ ಪಡೆದು ಬಂದು ಮಗನನ್ನೂ ಒತ್ತಾಯಿಸಿದಾಗ, ತನ್ನ ದಂಡಿನವರು ನಗುತ್ತಾರೆಂದು ಹೇಳಿ ಅವನು ಒಪ್ಪಲಿಲ್ಲವೆಂದು ರುಸ್‌ನ ಆದಿಮ ವೃತ್ತಾಂತ ಹೇಳುತ್ತದೆ. 972ರಲ್ಲಿ ದ್ನೀಪರ್‌ನ ಬಂಡೆಗಳ ನಡುವಿನ ರಭಸದ ಹರಿವಿನ ಬಳಿ ಪೆಚೆನೆಗರೆಂಬ ಅಲೆಮಾರಿ ಜನರ ಕೈಯಲ್ಲಿ ಸಾಯುವವರೆಗೂ ಅವನು ತನ್ನ ಹಳೆಯ ದೇವರುಗಳನ್ನೇ ನಂಬಿದ್ದ. ಅವನ ಮಗ ವ್ಲಾದಿಮಿರ್ ಕ್ರೈಸ್ತಧರ್ಮ ಸ್ವೀಕರಿಸಿದ್ದು 988ರ ಸುಮಾರಿಗೆ.

ಹೀಗಿರುವಾಗ ಹೆಸರಿಟ್ಟವರ ಮನಸ್ಸಿನಲ್ಲಿ ಇಗರ್ಜಿಯ ಪಾವಿತ್ರ್ಯ ಇದ್ದಿರಲಾರದು. ಕ್ರೈಸ್ತಪೂರ್ವ ಕಾಲದಲ್ಲಿ ಈ ಪದಕ್ಕೆ ಬಲದಿಂದ ತುಂಬಿದ, ದೈವಿಕ ಕಸುವುಳ್ಳ, ಬೆಳೆಯುವ ಶಕ್ತಿಯುಳ್ಳ ಎಂಬಂಥ ಅರ್ಥವಿತ್ತೆಂದು ಸ್ಲಾವ್ ಭಾಷಾಶಾಸ್ತ್ರಜ್ಞರು ವಾದಿಸುತ್ತಾರೆ. ಸ್ವಾಂತೊವಿತ್ ಎಂಬ ಯುದ್ಧದೇವತೆಯ ಹೆಸರಿನಲ್ಲಿ ಅದೇ ಪದ ಇರುವುದು ಈ ವಾದಕ್ಕೆ ಒತ್ತಾಸೆಯಾಗಿದೆ. ಆದ್ದರಿಂದ ‘ಪವಿತ್ರ ಕೀರ್ತಿಯುಳ್ಳವನು’ ಎಂದು ಬರೆಯುವಾಗ, ಹೆಸರು ಹುಟ್ಟಿದ ಕಾಲಕ್ಕೆ ಆ ಪಾವಿತ್ರ್ಯ ದೈವಬಲದ ಅರ್ಥದ್ದು ಎಂದು ಒಂದು ಮಾತು ಸೇರಿಸುವುದು ಪ್ರಾಮಾಣಿಕವಾದ ಕ್ರಮ. ನನ್ನ ಅಭಿಪ್ರಾಯದಲ್ಲಿ ಅರ್ಥಕೋಶಗಳು ಬಿಟ್ಟುಬಿಡುವ ಅತಿ ಮುಖ್ಯ ಸಂಗತಿ ಇದು.

ಐದನೆಯ ಹೆಜ್ಜೆ: ಮನೆತನದಲ್ಲಿ ಹೆಸರನ್ನು ಇಟ್ಟು ನೋಡಿ

ಹೆಸರಿನ ಮೂಲವೆಂದರೆ ಬೇರು ಮಾತ್ರವಲ್ಲ, ಅದು ಯಾವ ಮನೆಯಲ್ಲಿ ಏಕೆ ಇಡಲ್ಪಟ್ಟಿತು ಎಂಬುದೂ ಹೌದು. ಕೀವ್‌ನ ಅರಸುಮನೆತನ ಸ್ಕಾಂಡಿನೇವಿಯದಿಂದ ಬಂದದ್ದು, ಅದರ ಮೊದಮೊದಲ ಅರಸರ ಹೆಸರುಗಳು ಅಲ್ಲಿಯ ಹಳೆಯ ನಾರ್ಸ್ ಭಾಷೆಯವು: ರ‍್ಯೂರಿಕ್ ಎಂಬುದು ‘ಹ್ರೋರೆಕ್’, ಒಲೆಗ್ ‘ಹೆಲ್ಗಿ’, ಈಗೊರ್ ‘ಇಂಗ್ವಾರ್’, ಓಲ್ಗಾ ‘ಹೆಲ್ಗಾ’. ಬೈಜಾಂಟಿಯಮ್ಮಿನೊಂದಿಗೆ 944ರಲ್ಲಿ ಆದ ಒಪ್ಪಂದದಲ್ಲಿ ರುಸ್ ಕಡೆಯ ದೂತರ ಹೆಸರುಗಳಲ್ಲಿ ಹೆಚ್ಚಿನವು ನಾರ್ಸ್ ಭಾಷೆಯವು. ಅವುಗಳ ನಡುವೆ ಈಗೊರ್‌ನ ಮಗ ಸ್ವ್ಯಾತೊಸ್ಲಾವ್‌ನ ಪರವಾಗಿ ಬಂದ ದೂತನೂ ಇದ್ದಾನೆ. ಆ ಮನೆತನದ ಆಳುವ ದೊರೆಗಳಲ್ಲಿ ಸ್ಲಾವ್ ಹೆಸರು ಹೊತ್ತವರಲ್ಲಿ ನಮಗೆ ತಿಳಿದ ಮೊದಲಿಗ ಇವನೇ. ಅವನ ಮಕ್ಕಳು ಯಾರೊಪೊಲ್ಕ್, ಒಲೆಗ್, ವ್ಲಾದಿಮಿರ್: ಇಬ್ಬರಿಗೆ ಸ್ಲಾವ್ ಹೆಸರು, ಒಬ್ಬನಿಗೆ ನಾರ್ಸ್. ಅಂದರೆ ಆಳುವವರು ಆಳಿಸಿಕೊಳ್ಳುವವರ ಭಾಷೆಗೆ ಹೊರಳುತ್ತಿದ್ದ ತಲೆಮಾರಿನ ಗುರುತು ಈ ಹೆಸರಿನಲ್ಲಿದೆ.

ನಾರ್ಸ್ ಭಾಷೆಯ ‘ಹೆಲ್ಗ’ ಎಂಬುದಕ್ಕೂ ಪವಿತ್ರ ಎಂಬ ಅರ್ಥವೇ ಇದೆ. ಹಾಗಾಗಿ ತಾಯಿ ಓಲ್ಗಾಳ ಅಥವಾ ಹಿಂದಿನ ದೊರೆ ಒಲೆಗ್‌ನ ಹೆಸರಿನ ಅರ್ಥವನ್ನು ಸ್ಲಾವ್ ಭಾಷೆಗೆ ತಂದು, ರ‍್ಯೂರಿಕ್ ಎಂಬುದರಲ್ಲಿರುವ ಕೀರ್ತಿಯ ಅಂಶವನ್ನೂ ಜೋಡಿಸಿ ಈ ಹೆಸರು ಕಟ್ಟಿರಬಹುದೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಊಹೆ ಸೊಗಸಾಗಿದೆ, ಆದರೆ ಅದನ್ನು ಹೇಳುವ ಯಾವ ದಾಖಲೆಯೂ ಇಲ್ಲ. ಇಂಥದ್ದನ್ನು ನಿಮ್ಮ ಬರಹದಲ್ಲಿ ಸೇರಿಸುವುದಾದರೆ ‘ಊಹೆ’ ಎಂಬ ಪದ ಅದೇ ವಾಕ್ಯದಲ್ಲಿರಲಿ. ಮುಂದಿನ ವಾಕ್ಯಕ್ಕೆ ಬಿಟ್ಟರೆ ಉಲ್ಲೇಖಿಸುವವರು ಮೊದಲ ವಾಕ್ಯವನ್ನು ಮಾತ್ರ ಎತ್ತಿಕೊಳ್ಳುತ್ತಾರೆ.

ಆರನೆಯ ಹೆಜ್ಜೆ: ಹೆಸರು ಏಕೆ ಅಪರೂಪವಾಯಿತೆಂದು ವಿವರಿಸಿ

ಕ್ರೈಸ್ತಧರ್ಮ ಬಂದ ಮೇಲೆ ರುಸ್‌ನ ರಾಜಕುಮಾರರಿಗೆ ಎರಡು ಹೆಸರುಗಳಿರುತ್ತಿದ್ದವು: ಮನೆತನದ ಸ್ಲಾವ್ ಹೆಸರು ಒಂದು, ದೀಕ್ಷೆಯಲ್ಲಿ ಸಿಕ್ಕ ಸಂತನ ಹೆಸರು ಇನ್ನೊಂದು. 1076ರಲ್ಲಿ ತೀರಿಕೊಂಡ ಎರಡನೆಯ ಸ್ವ್ಯಾತೊಸ್ಲಾವ್‌ನ ದೀಕ್ಷಾನಾಮ ನಿಕೊಲಾಯ್. ಕಾಲಕ್ರಮದಲ್ಲಿ ಇಗರ್ಜಿಯ ಪಂಚಾಂಗದಲ್ಲಿರುವ ಸಂತರ ಹೆಸರುಗಳನ್ನೇ ಇಡುವುದು ರೂಢಿಯಾಯಿತು, ಮತ್ತು ಆ ಪಂಚಾಂಗದಲ್ಲಿ ಇದ್ದದ್ದು ಬಹುತೇಕ ಗ್ರೀಕ್, ಲ್ಯಾಟಿನ್, ಹೀಬ್ರೂ ಮೂಲದ ಹೆಸರುಗಳು. ವ್ಲಾದಿಮಿರ್‌ನಂತೆ ಸಂತಪದವಿಗೇರಿ ಜನಪ್ರಿಯರಾದ ಕೆಲವರ ಹೆಸರುಗಳು ಉಳಿದವು, ಉಳಿದ ಅರಸು ಹೆಸರುಗಳು ಜನಬಳಕೆಯಿಂದ ಮರೆಯಾದವು. ಯೂರ್ಯೆವ್-ಪೋಲ್ಸ್ಕಿ ಪಟ್ಟಣದಲ್ಲಿ 1230ರಿಂದ 1234ರ ನಡುವೆ ಕೆತ್ತನೆಗಳ ಕಲ್ಲಿನ ಇಗರ್ಜಿ ಕಟ್ಟಿಸಿ 1252ರಲ್ಲಿ ತೀರಿಕೊಂಡ ಸ್ವ್ಯಾತೊಸ್ಲಾವ್ ಎಂಬ ರಾಜಕುಮಾರನನ್ನು ರಷ್ಯನ್ ಇಗರ್ಜಿ ಸಂತನೆಂದು ಗೌರವಿಸುತ್ತದೆಯಾದರೂ, ಅವನು ವ್ಲಾದಿಮಿರ್‌ನಷ್ಟು ಮನೆಮಾತಾಗಲಿಲ್ಲ.

19ನೇ ಶತಮಾನದಲ್ಲಿ ರಷ್ಯದ ಓದುವ ವರ್ಗಕ್ಕೆ ತನ್ನ ಪ್ರಾಚೀನತೆಯ ಮೇಲೆ ಒಲವು ಹುಟ್ಟಿದಾಗ ಇಂಥ ಹೆಸರುಗಳು ಪುಸ್ತಕಗಳಿಂದ ತೊಟ್ಟಿಲಿಗೆ ಮರಳಿದವು. ಆದ್ದರಿಂದ ಆಧುನಿಕ ಕಾಲದ ಸ್ವ್ಯಾತೊಸ್ಲಾವ್ ಒಬ್ಬನ ಬಗ್ಗೆ ಬರೆಯುವಾಗ ಅವನ ಮನೆಯ ಹಿನ್ನೆಲೆಯನ್ನೂ ನೋಡಬೇಕು. ರೋರಿಕ್ ಅವರ ತಂದೆ ನಿಕೊಲಾಯ್ ಪ್ರಾಚೀನ ರುಸ್‌ನ ದೋಣಿ, ಕೋಟೆ, ಸಂತರನ್ನು ಚಿತ್ರಿಸಿದ ಕಲಾವಿದ, ಪುರಾತತ್ವದಲ್ಲೂ ಆಸಕ್ತಿಯಿದ್ದವರು. ಅವರ ಹಿರಿಯ ಮಗನ ‘ಯೂರಿ’ ಎಂಬ ಹೆಸರೂ ರುಸ್‌ನ ಅರಸರದೇ. 1915ರಲ್ಲಿ ಝಿಟೊಮಿರ್‌ನಲ್ಲಿ ಹುಟ್ಟಿದ ರಿಕ್ಟರ್ ಅವರ ತಂದೆ ಜರ್ಮನ್ ಮೂಲದ ಆರ್ಗನ್ ವಾದಕ. 1917ರ ಕ್ರಾಂತಿಯ ನಂತರ ಜನನ ನೋಂದಣಿ ಇಗರ್ಜಿಯ ಕೈಯಿಂದ ಸರ್ಕಾರಕ್ಕೆ ಬಂದದ್ದರಿಂದ ಪಂಚಾಂಗದ ಹಂಗು ಇನ್ನಷ್ಟು ಸಡಿಲವಾಯಿತು. ಸಮೀಪದೃಷ್ಟಿಗೆ ಕಾರ್ನಿಯಾ ಶಸ್ತ್ರಚಿಕಿತ್ಸೆಯಿಂದ ಹೆಸರಾದ ನೇತ್ರವೈದ್ಯ ಸ್ವ್ಯಾತೊಸ್ಲಾವ್ ಫ್ಯೋದೊರೊವ್ ಹುಟ್ಟಿದ್ದು 1927ರಲ್ಲಿ.

ಏಳನೆಯ ಹೆಜ್ಜೆ: ಮುದ್ದಿನ ಹೆಸರುಗಳು ಮತ್ತು ಕನ್ನಡದ ಕಾಗುಣಿತ

ರಷ್ಯನ್ನರು ಮನೆಯಲ್ಲಿ ಪೂರ್ಣ ಹೆಸರನ್ನು ಬಳಸುವುದು ಕಡಿಮೆ. ಈ ಹೆಸರಿನವರನ್ನು ಸ್ಲಾವಾ, ಸ್ವ್ಯಾತ್, ಸ್ವ್ಯಾತಿಕ್ ಎಂದು ಕರೆಯುತ್ತಾರೆ. ‘ಸ್ಲಾವಾ’ ಎಂದು ಮಾತ್ರ ಕಂಡರೆ ಅದರಿಂದ ಪೂರ್ಣ ಹೆಸರನ್ನು ಊಹಿಸಬೇಡಿ. ಯಾರೊಸ್ಲಾವ್, ವ್ಯಾಚೆಸ್ಲಾವ್, ಮ್ಸ್ತಿಸ್ಲಾವ್ ಎಲ್ಲರೂ ಸ್ಲಾವಾಗಳೇ, ರಾಸ್ತ್ರೊಪೊವಿಚ್ ಕೂಡ. ರೋರಿಕ್ ಅವರನ್ನು ತಾಯಿ ಎಲೆನಾ ತಮ್ಮ ಪತ್ರಗಳಲ್ಲಿ ‘ಸ್ವೆತಿಕ್’ ಎಂದು ಕರೆದಿದ್ದಾರೆ, ಅಂದರೆ ಬೆಳಕಿನ ಪದದ ಧ್ವನಿಯಲ್ಲಿ. ಹೆಸರಿನ ಮೂಲ ಒಂದಾಗಿದ್ದು, ಮನೆಯವರು ಅದರಲ್ಲಿ ಕೇಳಿಸಿಕೊಂಡದ್ದು ಇನ್ನೊಂದಾಗಿರುವುದು ಹೀಗೆ. ಜೀವನಚರಿತ್ರೆ ಬರೆಯುವವರು ಎರಡನ್ನೂ ದಾಖಲಿಸಬೇಕು, ಆದರೆ ಒಂದನ್ನು ಇನ್ನೊಂದರ ಸಾಕ್ಷಿಯಾಗಿ ಬಳಸಬಾರದು. ಭಾರತದಲ್ಲಿ ಚಿರಪರಿಚಿತವಾದ ‘ಸ್ವೆತ್ಲಾನಾ’ ಎಂಬ ಸ್ತ್ರೀನಾಮವು ಬೆಳಕಿನ ಪದದಿಂದಲೇ ಬಂದದ್ದು. 19ನೇ ಶತಮಾನದ ಆರಂಭದ ರಷ್ಯನ್ ಕಾವ್ಯದಿಂದ ಹರಡಿದ ಆ ಹೆಸರನ್ನು ಸ್ವ್ಯಾತೊಸ್ಲಾವ್‌ನ ಸ್ತ್ರೀರೂಪವೆಂದು ಬರೆಯುವುದು ತಪ್ಪು. ನಿಜವಾದ ಸ್ತ್ರೀರೂಪ ‘ಸ್ವ್ಯಾತೊಸ್ಲಾವಾ’.

ಕಾಗುಣಿತದ ವಿಷಯದಲ್ಲಿ, ರಷ್ಯನ್ ಉಚ್ಚಾರವನ್ನು ಅಕ್ಷರಶಃ ಹಿಡಿಯಲು ಹೋಗುವುದು ಬೇಡ. ಅಲ್ಲಿ ಒತ್ತು ಕೊನೆಯ ‘ಸ್ಲಾ’ ಮೇಲಿದ್ದು, ಒತ್ತಿಲ್ಲದ ಸ್ವರಗಳು ಸವೆದು, ಕೊನೆಯ ‘ವ್’ ‘ಫ್’ ಆಗಿ ಕೇಳಿಸುವುದರಿಂದ ಇಡೀ ಹೆಸರು ‘ಸ್ವಿತಸ್ಲಾಫ್’ ಎಂಬಂತಿರುತ್ತದೆ. ಕನ್ನಡದಲ್ಲಿ ಬರಹವನ್ನು ಅನುಸರಿಸಿ ‘ಸ್ವ್ಯಾತೊಸ್ಲಾವ್’ ಎಂದು ಬರೆದರೆ ಹೆಸರಿನ ಎರಡೂ ಭಾಗಗಳು ಓದುಗನಿಗೆ ಕಾಣುತ್ತವೆ. ಬಲ್ಗೇರಿಯದವರ ಬಗ್ಗೆ ಬರೆಯುವಾಗ ಮಾತ್ರ ‘ಸ್ವೆತೊಸ್ಲಾವ್’ ಎನ್ನಿ. ರೋರಿಕ್ ಅವರ ವಿಷಯ ಬೇರೆ: 1993ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಅವರು ತಾವೇ ಬಳಸಿದ ರೂಪ, ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಅವರ ಕೃತಿಗಳನ್ನು ನೋಡಲು ಹೋಗುವವರಿಗೆ ಗೊತ್ತಿರುವ ರೂಪ ‘ಸ್ವೆತೊಸ್ಲಾವ್’ ಆದ್ದರಿಂದ ಅದನ್ನು ತಿದ್ದುವುದು ಸೌಜನ್ಯವಲ್ಲ. ಮೊದಲ ಸಲ ಬಂದಾಗ ಆವರಣದಲ್ಲಿ ರಷ್ಯನ್ ಮೂಲರೂಪವನ್ನು ಕೊಡಿ. ಪುಸ್ತಕವಾದರೆ ಕೊನೆಯ ಪದಸೂಚಿಯಲ್ಲಿ ‘ಸ್ವ್ಯಾತೊಸ್ಲಾವ್’ ಎಂಬಲ್ಲಿಂದ ‘ಸ್ವೆತೊಸ್ಲಾವ್’ಗೂ, ‘ರೋರಿಚ್’ ಎಂಬಲ್ಲಿಂದ ‘ರೋರಿಕ್’ಗೂ ದಾರಿ ತೋರಿಸಿ.